ಕುಲಕರ್ಣಿಯವರ ಕಾರಿಗೆ ನಲವತ್ತು ಸೂತ್

2022ರ ಜೂನ್ ತಿಂಗಳ ಮಾತು. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ನನ್ನ ಶೆಡ್ ಶುರುವಾಗಿ ಆಗ ಇಪ್ಪತ್ತಮೂರು ವರ್ಷವಾಗಿತ್ತು. ಹಳೆಯ ಕಾರುಗಳ ಬಾಡಿ ಕಟ್ಟುವುದು ನಮ್ಮ ಕೆಲಸ. ತುಕ್ಕು ತಿಂದ ಮಡ್‌ಗಾರ್ಡ್, ಬಾನೆಟ್, ಬಾಗಿಲುಗಳನ್ನು ಹೊಸ ತಗಡಿನಿಂದ ಕೈಯಲ್ಲೇ ಬಡಿದು ರೂಪಿಸುತ್ತೇವೆ. ಬೇಕಾದರೆ ಚಾಸಿಯನ್ನೂ, ಅಂದರೆ ಇಡೀ ಕಾರನ್ನು ಹೊತ್ತು ನಿಲ್ಲುವ ಕೆಳಗಿನ ಉಕ್ಕಿನ ಚೌಕಟ್ಟನ್ನೂ, ಸರಿಪಡಿಸುತ್ತೇವೆ. ಶೆಡ್ಡಿನಲ್ಲಿ ನಾವು ಮೂವರಿದ್ದೆವು. ತಗಡಿನ ಕೆಲಸ ನನ್ನದು. ವೆಲ್ಡಿಂಗ್ ಮುಂಬ್ರಾದಿಂದ ಬರುತ್ತಿದ್ದ ಸಲೀಂಭಾಯಿಯದು. ಸೀಟು, ಒಳಗಿನ ಲೈನಿಂಗ್, ಬಟ್ಟೆಯ ಹುಡ್ ನನ್ನ ಹೆಂಡತಿ ವಾರಿಜಳದು.

ವಾರಿಜ ತೀರಿಕೊಂಡು ಈಗ ಹದಿನಾಲ್ಕು ತಿಂಗಳಾಯಿತು. ಅವಳ ಬಗ್ಗೆಯೇ ಬರೆಯಲು ಕೂತರೆ ನನಗೆ ಒಂದು ಸಾಲೂ ಬರುವುದಿಲ್ಲ. ಕೆಲಸದ ಬಗ್ಗೆಯಾದರೆ ಬರೆಯಬಲ್ಲೆ. ಹಾಗಾಗಿ ನಾವಿಬ್ಬರೂ ಸೇರಿ ಮಾಡಿದ ಒಂದು ಕಾರಿನ ವಿಷಯ ಬರೆಯುತ್ತಿದ್ದೇನೆ.

ನಮ್ಮ ಶೆಡ್ಡಿನ ಒಂದು ಪದ್ಧತಿಯನ್ನು ಮೊದಲೇ ಹೇಳಬೇಕು. ಮುಂಬಯಿ ಕಡೆ ಬಡಗಿಯಿಂದ ದರ್ಜಿಯವರೆಗೆ ಎಲ್ಲರೂ ಸಣ್ಣ ಅಳತೆಗೆ 'ಸೂತ್' ಎನ್ನುತ್ತಾರೆ. ಒಂದು ಇಂಚಿಗೆ ಎಂಟು ಸೂತ್. ವಾರಿಜ ಮದುವೆಗೆ ಮುಂಚೆ ಡೊಂಬಿವಲಿಯಲ್ಲಿ ಬ್ಲೌಸ್ ಹೊಲಿಯುತ್ತಿದ್ದವಳು. ಐದೂಕಾಲು, ಆರೂಮುಕ್ಕಾಲು ಎಂಬ ಲೆಕ್ಕ ಅವಳಿಗೆ ಆಗುತ್ತಿರಲಿಲ್ಲ. ಇಂಚನ್ನೇ ಬಿಟ್ಟು ಎಲ್ಲವನ್ನೂ ಸೂತಿನಲ್ಲೇ ಎಣಿಸುತ್ತಿದ್ದಳು. ಐದೂಕಾಲು ಇಂಚೆಂದರೆ ಅವಳಿಗೆ ನಲವತ್ತೆರಡು. ಕೂಡುವುದು ಸುಲಭ, ಕಳೆಯುವುದು ಸುಲಭ. ಅವಳು ಸೀಟಿನ ಕೆಲಸಕ್ಕೆ ಶೆಡ್ಡಿಗೆ ಬಂದ ಮೇಲೆ ನನಗೂ ಅದೇ ರೂಢಿಯಾಯಿತು.

ಕುಲಕರ್ಣಿಯವರು ಕಲ್ಯಾಣದವರು, ಮೂಲ ಧಾರವಾಡ. ಕೆಮಿಕಲ್ ಫ್ಯಾಕ್ಟರಿಯೊಂದರಲ್ಲಿ ಮೇಂಟೆನೆನ್ಸ್ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಆಗ ಎಪ್ಪತ್ತೊಂದು ವಯಸ್ಸು. ಅವರ ಕಾರು ಇಂಗ್ಲೆಂಡಿನಲ್ಲಿ ತಯಾರಾದ, ಅರವತ್ತು ವರ್ಷ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಯೌವನದಲ್ಲಿ ಗುಜರಿಯಿಂದ ತಂದು ತಾವೇ ರಿಪೇರಿ ಮಾಡಿಕೊಂಡಿದ್ದರು. ನನ್ನ ಹತ್ತಿರ ಬರುವ ಎರಡು ವರ್ಷ ಮೊದಲು ಅವರ ಎಡ ಮೊಣಕಾಲಿಗೆ ಹಾಕಿದ ಕೃತಕ ಕೀಲಿಗೆ ಸೋಂಕಾಗಿ, ಅದನ್ನು ತೆಗೆದು ಎರಡು ಮೂಳೆಗಳನ್ನು ಒಂದಾಗಿ ಬೆಸೆದಿದ್ದರು. ಕಾಲು ಕೋಲಿನ ಹಾಗೆ ನೆಟ್ಟಗೆ. ಮಡಿಸಲು ಬರುವುದಿಲ್ಲ.

ಮೊದಲ ದಿನ ಶೆಡ್ಡಿನ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು ಅವರು ಹೇಳಿದ್ದು ನೆನಪಿದೆ. "ಗಾಡಿ ಕೊಟ್ಟುಬಿಡು ಅಂತಾಳ್ರಿ ಮಗಳು. ಪುಣೇದಾಗ ಒಬ್ಬಾಂವ ತಗೊಳ್ಳಾಕ ತಯಾರಾಗಿ ಕುಂತಾನ. ದೀಪಾವಳಿ ತನಕ ತಡಿಯಪಾ ಅಂದೀನಿ. ಅಷ್ಟರಾಗ ನಾನು ಕುಂತು ಹೊಡದ್ರ ಗಾಡಿ ನಂದು. ಇಲ್ಲಂದ್ರ ಅವಂದು."

"ಆಟೋಮ್ಯಾಟಿಕ್ ಕಾರು ತಗೊಳ್ಬಹುದಲ್ಲ ಸಾರ್?" ಎಂದೆ.

"ಹೇಣ್ತಿಗೆ ಮೊಣಕಾಲು ನೋವು ಬಂದ್ರ ಬ್ಯಾರೆ ಹೇಣ್ತಿ ಮಾಡ್ಕೊಂತಾರೇನ್ರಿ?" ಎಂದರು. ಹೊಲಿಗೆ ಮೆಷಿನ್ನಿನ ಹಿಂದಿನಿಂದ ವಾರಿಜ ಜೋರಾಗಿ ನಕ್ಕಳು. ಕೆಲಸ ಒಪ್ಪಿಕೊಂಡದ್ದು ಅವಳೇ ಎನ್ನಬೇಕು.

ಕಷ್ಟ ಏನೆಂದರೆ, ಈ ಕಾರಿನಲ್ಲಿ ಸೀಟಿನ ಬೆನ್ನಿಗೆ ತಾಗಿಕೊಂಡೇ ಹಿಂದಿನ ಆಕ್ಸಲ್. ಪಾದದ ಮುಂದೆ ಫೈರ್‌ವಾಲ್, ಅಂದರೆ ಇಂಜಿನ್ನನ್ನೂ ಕೂರುವ ಜಾಗವನ್ನೂ ಬೇರೆ ಮಾಡುವ ತಗಡಿನ ಗೋಡೆ. ಅದರ ಆಚೆ ಒಂದು ಬೆರಳಿನ ಜಾಗವೂ ಇಲ್ಲ. ಸೀಟು ಹಿಂದೆ ಹೋಗುವುದಿಲ್ಲ, ಗೋಡೆ ಮುಂದೆ ಹೋಗುವುದಿಲ್ಲ. ನೆಟ್ಟಗಿನ ಕಾಲಿಗೆ ಜಾಗ ಬೇಕಾದರೆ ಇವೆರಡರ ನಡುವೆ ಚಾಸಿಯನ್ನೇ ಅಡ್ಡ ಕೊಯ್ದು ಉದ್ದ ಮಾಡಬೇಕು. ಚಾಸಿ ಉದ್ದವಾದರೆ ಬಾಗಿಲೂ ಉದ್ದವಾಗಬೇಕು; ಬಲಗಾಲಿನ ಪೆಡಲ್‌ಗಳನ್ನೂ ಸ್ಟೀರಿಂಗ್ ರಾಡನ್ನೂ ಅಷ್ಟೇ ಹಿಂದಕ್ಕೆ ತರಬೇಕು; ಕ್ಲಚ್ಚನ್ನು ಗೇರಿನ ಪಕ್ಕ ಕೈಯಲ್ಲಿ ಒತ್ತುವ ಲಿವರಿಗೆ ಬದಲಾಯಿಸಬೇಕು. ಇದಕ್ಕೆಲ್ಲ ಮೊದಲೇ ಆರ್‌ಟಿಒ ಅನುಮತಿ ಬೇಕು, ಕೊನೆಗೆ ಅವರ ತಪಾಸಣೆಯಲ್ಲಿ ಪಾಸಾಗಬೇಕು. ಕಾಗದಪತ್ರದ ಓಡಾಟವೆಲ್ಲ ಕುಲಕರ್ಣಿಯವರದು.

ಅಳತೆ ವಾರಿಜ ತೆಗೆದಳು. ಬೆಂಚಿನ ಮೇಲೆ ಸೀಟನ್ನು ಕಾರಿನಲ್ಲಿರುವ ಎತ್ತರಕ್ಕೇ ಇಟ್ಟು, ಎದುರಿಗೆ ಒಂದು ಹಲಗೆ ನಿಲ್ಲಿಸಿ, ಬೂಟು ಹಾಕಿಸಿಯೇ ಅವರನ್ನು ಕೂರಿಸಿದಳು. ಬೆಳಿಗ್ಗೆ ಒಮ್ಮೆ, ಊಟದ ನಂತರ ಒಮ್ಮೆ, ಒಂದು ಗಂಟೆ ಕೂತ ಮೇಲೆ ಇನ್ನೊಮ್ಮೆ. ಕೂತವರು ಕೂತಲ್ಲೇ ಇರುವುದಿಲ್ಲ, ಜಾರುತ್ತಾರೆ ಎನ್ನುವುದು ಅವಳ ಮಾತು.

"ಏನವಾ, ಅಳತಿ ತಗೋತೀಯೋ ಜಾತಕ ಬರಕೋತೀಯೋ?" ಎಂದರು ಕುಲಕರ್ಣಿ.

"ಬ್ಲೌಸಿನ ಗಿರಾಕಿಗಳೂ ಇಷ್ಟು ಅಲ್ಲಾಡುದಿಲ್ಲ ಸಾರ್. ಸ್ವಲ್ಪ ಸುಮ್ನೆ ಕೂತ್ಕೊಳ್ಳಿ."

ಪಾದಕ್ಕೂ ಗೋಡೆಗೂ ನಡುವೆ ಮೂರು ಸೂತ್ ಬಿಡುವು ಇಟ್ಟು ಅವಳು ಕೊಟ್ಟ ಲೆಕ್ಕ: ನಲವತ್ತು. ಅಂದರೆ ಐದು ಇಂಚು. ಚಾಸಿಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿಟ್ಟಳು.

ಆರ್‌ಟಿಒಗೆ ಕೊಡುವ ಡ್ರಾಯಿಂಗ್ ಮಾಡಲು ಕುಲಕರ್ಣಿಯವರು ಒಬ್ಬ ಇಂಜಿನಿಯರನ್ನು ಹಿಡಿದಿದ್ದರು. ಆತ ಫೋನಿನಲ್ಲಿ ನನ್ನನ್ನು ಮಿಲಿಮೀಟರಿನಲ್ಲಿ ಎಷ್ಟು ಎಂದು ಕೇಳಿದ. ಕೈಯಲ್ಲಿ ಸುತ್ತಿಗೆ ಹಿಡಿದುಕೊಂಡೇ ನೂರ ಇಪ್ಪತ್ತು ಎಂದೆ. ವಾಗ್ಳೆ ಎಸ್ಟೇಟಿನ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಸೂತ್ ದಪ್ಪದ ತಗಡು ಕೇಳಿದರೂ ಮೂರು ಎಂ.ಎಂ. ತಗಡು ಕೊಡುತ್ತಾರೆ. ಒಂದು ಸೂತಿಗೆ ಮೂರು, ನಲವತ್ತಕ್ಕೆ ನೂರ ಇಪ್ಪತ್ತು. ಮೂವತ್ತು ವರ್ಷದಿಂದ ಬಾಯಿಗೆ ಬಂದ ಲೆಕ್ಕ. ನಾನು ಎರಡನೇ ಸಲ ಯೋಚಿಸಲಿಲ್ಲ.

ಜುಲೈನಲ್ಲಿ ಬಾಡಿಯನ್ನು ಬಿಚ್ಚಿ ಚಾಸಿಯನ್ನು ನೆಲಕ್ಕೆ ಕೂಡಿಸಿದ ಗಟ್ಟಿ ಗರ್ಡರ್‌ಗಳ ಮೇಲೆ ಬಿಗಿದೆವು. ಕೊಯ್ದಾಗ ಎರಡು ತುಂಡೂ ಅಲುಗಬಾರದು, ಅದಕ್ಕೆ. ಸಲೀಂಭಾಯಿ ಡ್ರಾಯಿಂಗ್ ನೋಡಿ ಎರಡು ಕಡೆಯ ಜೋಡು ತುಂಡುಗಳನ್ನು ತಯಾರಿಸಿದರು. ನೇರಕ್ಕೆ ಕೊಯ್ದು ಜೋಡಿಸಿದರೆ ಎಲ್ಲ ಭಾರವೂ ಒಂದೇ ಗೆರೆಯ ಮೇಲೆ ಬೀಳುತ್ತದೆ. ಆದ್ದರಿಂದ ಓರೆಯಾಗಿ ಕೊಯ್ದು, ಒಳಗೆ ಇನ್ನೊಂದು ಉಕ್ಕಿನ ಪಟ್ಟಿಯನ್ನು ತೋಳಿನ ಹಾಗೆ ತೂರಿಸಿ ಬೆಸೆದರು. ಮೂಲೆಯಿಂದ ಮೂಲೆಗೆ ಅಳೆದಾಗ ಎರಡೂ ಕರ್ಣ ಸಮ. ಈ ಭಾಗದಲ್ಲಿ ಇಷ್ಟು ಚೊಕ್ಕ ಚಾಸಿ ಕೆಲಸ ಮಾಡುವವರು ಬೇರೆ ಯಾರೂ ಇರಲಿಲ್ಲ ಎಂದು ಈಗಲೂ ಹೇಳಬಲ್ಲೆ.

ಆಗಸ್ಟ್ ಪೂರ್ತಿ ನಾನು ಬಾಡಿಯ ಮೇಲಿದ್ದೆ. ಬಾಗಿಲಿಗೆ ಐದು ಇಂಚು ಸುಮ್ಮನೆ ಸೇರಿಸಿದರೆ ಕಾರು ಟೆಂಪೋ ಹಾಗೆ ಕಾಣುತ್ತದೆ. ಮುಂದಿನ ಮಡ್‌ಗಾರ್ಡಿನಿಂದ ಇಳಿದು ಬಾಗಿಲಿನ ಮೇಲೆ ಹಾದು ಹಿಂದಿನ ಚಕ್ರದ ಬಳಿ ಮತ್ತೆ ಏಳುವ ಒಂದು ಬಾಗು ಈ ಕಾರಿನ ಚಂದ. ಆ ಬಾಗಿನ ತಗ್ಗನ್ನು ಎರಡು ಇಂಚು ಹಿಂದಕ್ಕೆ ಸರಿಸಿದೆ. ಮರಳಿನ ಚೀಲದ ಮೇಲೆ ತಗಡಿಟ್ಟು ಮರದ ಸುತ್ತಿಗೆಯಿಂದ ಬಡಿದು, ಎರಡು ಉರುಳೆಗಳ ನಡುವೆ ಹಾಯಿಸಿ ನುಣುಪು ಮಾಡಿ, ಮತ್ತೆ ಬಡಿದು ಎರಡು ಬಾಗಿಲು ಮಾಡಿದೆ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿಗಳನ್ನು ಚಾಸಿಯ ಮೇಲೆಯೇ ಇಟ್ಟು ಮಾಡಿದ್ದರಿಂದ ಅವು ಸರಿಯಾಗಿ ಕೂತವು. ಬಾಗಿಲುಗಳನ್ನು ಮಾತ್ರ ಬೆಂಚಿನ ಮೇಲೆ, ವಾರಿಜಳ ಲೆಕ್ಕದಂತೆ ಕತ್ತರಿಸಿದ ರಟ್ಟಿನ ಅಚ್ಚು ಇಟ್ಟು ಮಾಡಿದ್ದೆ.

ಸೆಪ್ಟೆಂಬರಿನ ಎರಡನೇ ವಾರ ಬಾಗಿಲು ಕೂರಿಸಲು ಹೋದೆವು. ಕೂರಲಿಲ್ಲ. ಏಳು ಮಿಲಿಮೀಟರ್ ಉದ್ದ. ಎಡಗಡೆಯೂ ಏಳು, ಬಲಗಡೆಯೂ ಏಳು. ತಪಾಸಣೆಗೆ ಹನ್ನೊಂದು ದಿನ ಉಳಿದಿತ್ತು.

"ನಿನ್ನ ಅಳತೆ ತಪ್ಪಿದೆ," ಎಂದೆ ವಾರಿಜಳಿಗೆ. ನನ್ನ ಬಾಯಿಂದ ಬಂದ ಮೊದಲ ಮಾತೇ ಅದು. ಮನೆಯಲ್ಲಿ ನಮ್ಮದು ತುಳು. ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಂದಾ? ತನ್ನಿ ಟೇಪು." ಅವಳು ಮೊದಲು ಬಾಗಿಲಿನ ಅಚ್ಚು ಅಳೆದಳು. ನಂತರ ಕೆಳಗೆ ಬಗ್ಗಿ ಚಾಸಿಗೆ ಸೇರಿಸಿದ ತುಂಡನ್ನು ಅಳೆದಳು. "ಇದು ಮೂವತ್ತೆಂಟೂ ಇಲ್ಲ. ನನ್ನ ಎರಡು ಸೂತ್ ಎಲ್ಲಿ ಹೋಯ್ತು ಮಾರಾಯ್ರೆ?"

ಸಲೀಂಭಾಯಿ ಗೋಡೆಗೆ ಅಂಟಿಸಿದ ಡ್ರಾಯಿಂಗಿನ ಮೇಲೆ ಬೆರಳಿಟ್ಟರು. "ಅಣ್ಣಾ, ಕಾಗಜ್ ಪೇ ಏಕ್ ಸೌ ಬೀಸ್ ಲಿಖೇಲಾ ಹೈ. ಮೈನೇ ಏಕ್ ಸೌ ಬೀಸ್ ಕಾಟಾ."

ಕಾಗದದಲ್ಲಿ ನೂರ ಇಪ್ಪತ್ತು ಎಂದೇ ಇತ್ತು, ಅವರು ಕೊಯ್ದದ್ದೂ ನೂರ ಇಪ್ಪತ್ತೇ. ನಿಂತಲ್ಲೇ ನನಗೆ ಗೊತ್ತಾಯಿತು. ಸೂತ್ ಎಂದರೆ ಸರಿಯಾಗಿ ಮೂರು ಮಿಲಿಮೀಟರ್ ಅಲ್ಲ. ಮೂರಕ್ಕಿಂತ ಒಂದು ಚೂರು ಹೆಚ್ಚು. ತಗಡು ಕೊಳ್ಳುವಾಗ ಆ ಚೂರು ಲೆಕ್ಕಕ್ಕಿಲ್ಲ. ನಲವತ್ತು ಸಲ ಕೂಡಿದರೆ ಅದು ಏಳು ಮಿಲಿಮೀಟರ್. ಐದು ಇಂಚಿಗೆ ನೂರ ಇಪ್ಪತ್ತೇಳು ಬರಬೇಕಿತ್ತು.

ಸಲೀಂಭಾಯಿ ಚಹಾ ಕುಡಿಯಲು ಹೊರಗೆ ಹೋದ ಮೇಲೆ ನಾನು ವಾರಿಜಳ ಮೆಷಿನ್ನಿನ ಹತ್ತಿರ ಹೋದೆ. "ಬಾಗಿಲು ನಾನು ಕತ್ತರಿಸಿ ಸರಿ ಮಾಡ್ತೇನೆ. ನೀನು ಬೆನ್ನಿನ ಫೋಮಿನಲ್ಲಿ ಎರಡು ಸೂತ್ ಕಮ್ಮಿ ಮಾಡು. ಅವರು ಅಷ್ಟು ಹಿಂದೆ ಕೂತರಾಯ್ತಲ್ಲ. ಯಾರಿಗೂ ಗೊತ್ತಾಗುದಿಲ್ಲ."

ಅವಳು ಮೆಷಿನ್ ನಿಲ್ಲಿಸಿದಳು. "ಅವರ ಸೊಂಟಕ್ಕೆ ಗೊತ್ತಾಗ್ತದೆ. ಕಾಲು ಮಡಿಸ್ಲಿಕ್ಕೆ ಆಗದವರು ಸೊಂಟ ಓರೆ ಮಾಡಿ ಕೂತ್ಕೊಳ್ಳುದು, ನೀವು ನೋಡ್ಲಿಲ್ವಾ? ಇದ್ದದ್ದೇ ತೆಳು ಫೋಮು."

"ಎರಡೇ ಸೂತ್."

"ತಪ್ಪು ಚಾಸಿಯಲ್ಲಿ ಆದದ್ದು. ಚಾಸಿಯಲ್ಲೇ ತೆಗೀರಿ. ನನ್ನ ಸೀಟಿನ ಒಳಗೆ ಹುಗೀಬೇಡಿ."

ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಚಾಸಿ ಮತ್ತೆ ಕೊಯ್ದರೆ ನೆಲದ ತಗಡು ಹೊಸದಾಗಬೇಕು, ಬಾಗಿಲ ಕೆಳಗಿನ ಪಟ್ಟಿ ಹೊಸದಾಗಬೇಕು, ಡ್ರಾಯಿಂಗ್ ತಿದ್ದಬೇಕು, ತಪಾಸಣೆಯ ದಿನ ಕೈತಪ್ಪುತ್ತದೆ, ಆಮೇಲೆ ದೀಪಾವಳಿಯೊಳಗೆ ದಿನ ಸಿಗದಿದ್ದರೆ ಕಾರೇ ಪುಣೆಗೆ ಹೋಗುತ್ತದೆ, ಆಗ ನಿನ್ನ ಫೋಮಿನ ಮೇಲೆ ಯಾರನ್ನು ಕೂರಿಸುತ್ತೀ ಎಂದೆ. ಅವಳು ಮತ್ತೆ ಮೆಷಿನ್ ಶುರು ಮಾಡಿದಳು. ಆ ಸಂಜೆ ಠಾಣೆಯಿಂದ ಲೋಕಲ್ ಹಿಡಿದೆವು. ಅವಳು ಎಂದಿನಂತೆ ಲೇಡೀಸ್ ಡಬ್ಬಿಗೆ, ನಾನು ಜನರಲ್ಲಿಗೆ. ಡೊಂಬಿವಲಿಯ ಸೇತುವೆಯ ಮೆಟ್ಟಿಲು ಇಳಿಯುವಾಗ ಇಷ್ಟೇ ಹೇಳಿದಳು: "ನಾಳೆ ಅವರನ್ನು ಕರೆಸಿ. ಗಾಡಿ ಅವರದ್ದು. ಅವರೇ ಹೇಳ್ಲಿ."

ಮರುದಿನ ಕುಲಕರ್ಣಿ ಬಂದರು. ತಪ್ಪು ನನ್ನದೆಂದು ಹೇಳಿದೆ. ಹೇಗಾಯಿತೆಂದೂ ಹೇಳಿದೆ. ಅವರು ಇಂಜಿನಿಯರ್, ಸೂತಿನ ಲೆಕ್ಕ ಕೇಳಿ ಹಣೆ ಚಚ್ಚಿಕೊಂಡರು. ಆದರೆ ಸಿಟ್ಟಾಗಲಿಲ್ಲ. "ಏಳು ಎಂ.ಎಂ. ಸಲುವಾಗಿ ಮತ್ತ ಗಾಡಿ ಕೊಯ್ತೀರೇನ್ರಿ? ಬ್ಯಾಡ್ರಿ. ದಿನಾ ಹೋಗ್ತಾವ. ನಾ ಹೆಂಗರ ಕುಂದರತೀನಿ."

ನನಗೆ ನಿರಾಳವಾಯಿತು. ವಾರಿಜ ಮಾತ್ರ, "ಒಮ್ಮೆ ಕೂತು ನೋಡಿ ಸಾರ್, ಮತ್ತೆ ಹೇಳಿ," ಎಂದಳು.

ಸೀಟನ್ನು ಅದರ ಜಾಗದಲ್ಲಿ ಬಿಗಿದು ಅವರನ್ನು ಕೂರಿಸಿದೆವು. ಕೂತಾಗ ಬೂಟಿಗೂ ಫೈರ್‌ವಾಲಿಗೂ ನಡುವೆ ಒಂದು ಸೂತಿನಷ್ಟು ಜಾಗ ಕಾಣುತ್ತಿತ್ತು. "ನೋಡ್ರಿ, ತಾಗಂಗಿಲ್ಲ," ಎಂದರು. ವಾರಿಜ ಮುಂದಿನ ಚಕ್ರದ ಎದುರು ಎರಡು ಇಂಚಿನ ಮರದ ಪಟ್ಟಿಯೊಂದನ್ನು ಇಟ್ಟಳು. "ಈಗ ತಳ್ಳಿ."

ನಾನೂ ಸಲೀಂಭಾಯಿಯೂ ತಳ್ಳಿದೆವು. ನಡೆಯುವ ವೇಗ, ಅಷ್ಟೇ. ಚಕ್ರ ಪಟ್ಟಿಯನ್ನು ಹತ್ತಿ ಇಳಿಯಿತು. ತಗಡಿಗೆ ಬೂಟು ಬಡಿದ ಸದ್ದು ಕೇಳಿತು. ಮೊಣಕಾಲು ಮಡಿಯುವ ಕಾಲಾಗಿದ್ದರೆ ಪೆಟ್ಟನ್ನು ಅದು ನುಂಗಿಕೊಳ್ಳುತ್ತಿತ್ತು. ಇಲ್ಲಿ ಪಾದಕ್ಕೆ ಬಿದ್ದ ಪೆಟ್ಟು ನೇರ ಸೊಂಟಕ್ಕೆ ಹೋಯಿತು. ಕುಲಕರ್ಣಿ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು.

"ಕೊಯ್ರಿ," ಎಂದರು.

ಆ ವಾರವೇ ಕೊಯ್ದೆವು. ಸಲೀಂಭಾಯಿ ತಾವೇ ಹಾಕಿದ ಬೆಸುಗೆಯನ್ನು ಗ್ರೈಂಡರಿನಿಂದ ಬಿಡಿಸಿದರು. ಹಳೆಯ ತುಂಡಿಗೆ ತೇಪೆ ಹಾಕಲಿಲ್ಲ. ಎರಡು ಹೊಸ ತುಂಡು ಮಾಡಿದೆವು. ಈ ಸಲ ಸೀಮೆಸುಣ್ಣದಲ್ಲಿ ನೂರ ಇಪ್ಪತ್ತೇಳು ಎಂದೂ ಬರೆದು, ಮೂವರೂ ಬೇರೆ ಬೇರೆ ಟೇಪಿನಲ್ಲಿ ಅಳೆದೆವು. ಇಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟಿನಲ್ಲಿ ಹಿಂದೆ ಮುಂದೆ ಜಾರುವ ಜಾಯಿಂಟ್ ಇರುವುದರಿಂದ ಅದು ಈ ಏಳು ಮಿಲಿಮೀಟರಿಗೆ ಹಾಗೇ ಹೊಂದಿಕೊಂಡಿತು. ನೆಲದ ತಗಡು, ಪಟ್ಟಿಗಳನ್ನು ನಾನು ಹೊಸದಾಗಿ ಮಾಡಿದೆ. ಇಪ್ಪತ್ತೆರಡು ದಿನ ಹಿಡಿಯಿತು. ಬಾಗಿಲುಗಳು ಒಂದು ಏಟೂ ಹೊಡೆಯದೆ ಕೂತವು. ಮುಚ್ಚಿದಾಗ ಬಂದ ಸದ್ದನ್ನು ಕೇಳಲೆಂದೇ ಸಲೀಂಭಾಯಿ ನಾಲ್ಕು ಸಲ ತೆರೆದು ಮುಚ್ಚಿದರು.

ತಿದ್ದಿದ ಡ್ರಾಯಿಂಗ್ ಕೊಟ್ಟ ಮೇಲೆ ಹೊಸ ತಪಾಸಣೆಯ ದಿನ ಸಿಕ್ಕಿದ್ದು ದೀಪಾವಳಿಗೆ ನಾಲ್ಕು ದಿನ ಮೊದಲು. ಅಲ್ಲಿ ಏನಾದರೂ ಆಕ್ಷೇಪ ಬಂದರೆ ಮತ್ತೆ ದಿನವಿರಲಿಲ್ಲ. ಇನ್‌ಸ್ಪೆಕ್ಟರ್ ಕೆಳಗೆ ಮಲಗಿ ಟಾರ್ಚ್ ಹಾಕಿ ಪ್ರತಿ ಬೆಸುಗೆಯನ್ನೂ ನೋಡಿದರು. ಕುಲಕರ್ಣಿಯವರ ಪಕ್ಕದಲ್ಲಿ ಕೂತು ಕಾರು ಓಡಿಸಲು ಹೇಳಿದರು, ಬ್ರೇಕ್ ಹೊಡೆಸಿದರು. ಮರಳಿ ಬಂದು ಮರಾಠಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಕೊಯ್ದದ್ದು ಎಲ್ಲಿ ಎಂದು. ನಾನು ತೋರಿಸಿದೆ. ಸಹಿ ಹಾಕಿದರು.

ದೀಪಾವಳಿಯ ಮರುದಿನ ಕುಲಕರ್ಣಿ ವಾರಿಜಳನ್ನು ಪಕ್ಕದಲ್ಲಿ ಕೂರಿಸಿಕೊಂಡು ವಾಶಿಯಿಂದ ಬೇಲಾಪುರದವರೆಗೆ, ಖಾಡಿಯ ಅಂದರೆ ಸಮುದ್ರದ ಹಿನ್ನೀರಿನ ಪಕ್ಕದ ಪಾಮ್ ಬೀಚ್ ರೋಡಿನಲ್ಲಿ ಹೋಗಿ ಬಂದರು. ಎರಡೇ ಸೀಟು; ನಾನು ವಾಶಿಯಲ್ಲಿ ಪಾರ್ಕಿಂಗ್ ಕಟ್ಟೆಯ ಮೇಲೆ ಕಾದೆ. ಇಳಿದ ಮೇಲೆ, ಹೇಗಿತ್ತು ಖಾಡಿ, ಫ್ಲೆಮಿಂಗೋ ಕಂಡಿತಾ ಎಂದು ಕೇಳಿದೆ. "ನಾನು ಅವರ ಬೂಟು ನೋಡ್ತಾ ಇದ್ದೆ," ಎಂದಳು.

ವಾರಿಜ 2024ರ ಫೆಬ್ರವರಿಯಲ್ಲಿ ಹೋದಳು. ಮೂರು ತಿಂಗಳ ಕಾಯಿಲೆ. ಹನ್ನೆರಡನೆಯ ದಿನ ಮುಗಿದ ಮೇಲೆ ಒಂದು ಬೆಳಿಗ್ಗೆ ಕುಲಕರ್ಣಿ ಡೊಂಬಿವಲಿಗೆ ಬಂದರು. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ನೆಟ್ಟಗಿನ ಕಾಲನ್ನು ಒಂದೊಂದೇ ಮೆಟ್ಟಿಲಿಗೆ ಎತ್ತಿಟ್ಟು ಹತ್ತಿದ್ದರು. "ನಾನ ಹೊಡಕೊಂಡು ಬಂದೀನ್ರಿ," ಎಂದರು. ಅದನ್ನು ಬಿಟ್ಟು ಸಮಾಧಾನದ ಮಾತೇನೂ ಆಡಲಿಲ್ಲ. ನನಗೂ ಬೇಕಿರಲಿಲ್ಲ.

ಹೊರಡುವಾಗ ಬಾಗಿಲ ಹತ್ತಿರ ನಿಂತು, ಹೇಳಲೋ ಬೇಡವೋ ಎಂಬಂತೆ ಹೇಳಿದರು: "ಈಚೆಗೆ ಒಮ್ಮೊಮ್ಮೆ ಬೂಟು ತಟ್ಟತೈತ್ರಿ. ಕೆಳಗಿನ ಫೋಮು ಕುಸದಿರಬೇಕು. ಇರ್ಲಿ ಬಿಡ್ರಿ. ಆಕಿ ಹೊಲದ ಸೀಟು, ನಾ ಬಿಚ್ಚಸಂಗಿಲ್ಲ."

ಅವರು ಹೇಳಿದ್ದು ಸರಿ. ಸೀಟು ತಗ್ಗಿದರೆ ಸೊಂಟ ತಗ್ಗುತ್ತದೆ. ನೆಟ್ಟಗಿನ ಕಾಲು ಅಷ್ಟು ಮಲಗಿ ಪಾದ ಮುಂದೆ ಹೋಗುತ್ತದೆ.

ಒಂದು ವಾರ ಸುಮ್ಮನಿದ್ದೆ. ನಂತರ ಕಾರು ತರಲು ಹೇಳಿದೆ. ಸೀಟನ್ನು ಬೆಂಚಿನ ಮೇಲಿಟ್ಟು ಬ್ಲೇಡ್ ಹಿಡಿದು ಕೂತವನು ಕೂತೇ ಇದ್ದೆ. ಅಂಚಿನ ಹೊಲಿಗೆ ಎಲ್ಲೂ ಒಂದು ನೂಲು ಆಚೀಚೆ ಇರಲಿಲ್ಲ. ಸಲೀಂಭಾಯಿ ಹಿಂದೆ ಬಂದು ನಿಂತರು. "ಅಣ್ಣಾ, ಭಾಭೀ ಹೋತೀ ತೋ ಕಬ್ ಕಾ ಖೋಲ್ ದೇತೀ," ಎಂದರು.

ಹೌದು. ಅವಳಾಗಿದ್ದರೆ ಯಾವಾಗಲೋ ಬಿಚ್ಚಿಯಾಗಿರುತ್ತಿತ್ತು.

ಬಿಚ್ಚಿದೆ. ಕುಸಿದ ಫೋಮು ತೆಗೆದು ಗಟ್ಟಿ ಫೋಮು ಹಾಕಿದೆ. ಇಷ್ಟು ವರ್ಷ ಅವಳ ಕೈ ನೋಡಿದ್ದೆನೇ ಹೊರತು ಮೆಷಿನ್ ಮುಟ್ಟಿದವನಲ್ಲ. ಹೊಲಿಗೆ ಎರಡು ಕಡೆ ಡೊಂಕಾಯಿತು. ಬಿಚ್ಚಿ ಮತ್ತೆ ಹೊಲಿದೆ. ಆಗಲೂ ಒಂದು ಕಡೆ ಡೊಂಕಾಗಿಯೇ ಉಳಿಯಿತು. ಕುಲಕರ್ಣಿ ಕೂತರು. ಮರದ ಪಟ್ಟಿ ಇಟ್ಟು ತಳ್ಳಿದೆವು. ಸದ್ದು ಬರಲಿಲ್ಲ. ಅವರು ಡೊಂಕಿನ ಮೇಲೆ ಒಮ್ಮೆ ಬೆರಳಾಡಿಸಿ, ಸ್ಟಾರ್ಟ್ ಮಾಡಿಕೊಂಡು ಹೋದರು.

ಈ ವೃತ್ತಿಯಲ್ಲಿ ನಾನು ಕಲಿತದ್ದನ್ನು ಹೇಳೆಂದರೆ ಇದನ್ನೇ ಹೇಳುತ್ತೇನೆ. ಕೆಲಸ ಎಷ್ಟೇ ಚೆನ್ನಾಗಿರಲಿ, ಅದನ್ನು ಯಾರೇ ಮಾಡಿರಲಿ, ಅದರಲ್ಲಿ ಕೂತವರಿಗೆ ನೋವಾದರೆ ಬಿಚ್ಚಬೇಕು. ಆ ದಿನದಿಂದ ಸೀಟಿನ ಕೆಲಸವನ್ನೂ ನಾನೇ ಮಾಡುತ್ತಿದ್ದೇನೆ. ಹೊಲಿಗೆ ಈಗ ನೆಟ್ಟಗೆ ಬರುತ್ತಿದೆ.